ಬಿಳಿಯಾದ ಗೋಪಿಚಂದನ

“ತಡಿ, ತಡಿ. ಅಲ್ಲೇ ನಿಲ್ಲಸು.”

ಕುಲ್ಸುಮ್ ಮೌಸ್ ಒತ್ತಿದಳು. ಮದುಮಗಳ ಕೆನ್ನೆಯ ಹತ್ತಿರ ಬಂದಿದ್ದ ಅರಿಶಿನದ ಕೈಯೊಂದು ಪರದೆಯ ಮೇಲೆ ಅಲ್ಲೇ ನಿಂತುಬಿಟ್ಟಿತು.

ವೆಂಕೂಬಾಯಿ ಕನ್ನಡಕ ತೆಗೆದು ಸೆರಗಿಗೆ ಒರೆಸಿ, ಮತ್ತೆ ಏರಿಸಿಕೊಂಡು, ಮೂಗು ತಾಗುವಷ್ಟು ಮುಂದಕ್ಕೆ ಬಾಗಿದರು. ಮೂವತ್ತೊಂದು ವರ್ಷ ದೇವದುರ್ಗದ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕಾಪಿ ಹಿಡಿದ ಕಣ್ಣು ಅದು. ಟೀಚರಮ್ಮ ನಿವೃತ್ತಿಯಾಗಿ ಎಂಟು ವರ್ಷವಾಗಿತ್ತು. ಕಣ್ಣು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು.

“ಇವ ನನ್ನ ತಮ್ಮ ವಿಬುಧೇಂದ್ರ ಹೌದಲ್ಲ?”

“ನಿಮ್ಮ ತಮ್ಮನ್ನ ನೀವೇ ನನಗ ಕೇಳಿದ್ರ ಹೆಂಗ ಖಾಲಾ? ಹೌದು, ಅವ್ರೇ. ಮದುಮಗಳ ಅಪ್ಪ.”

“ಹಣಿ ಮ್ಯಾಲೆ ಏನದು?”

“ನಾಮ ಅಲ್ಲೇನ್ರಿ?”

“ಗೋಪಿಚಂದನ. ಅದು ಬೆಳ್ಳಗ ಯಾಕ ಅದ?”

ಕುಲ್ಸುಮ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪಾಪ, ಅವಳಿಗೆ ಹೇಗೆ ಅರ್ಥವಾಗಬೇಕು? ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಹತ್ತು ವರ್ಷದಿಂದ ಎಲ್ಲ ಜಾತಿಯವರ ಮದುವೆಯ ವಿಡಿಯೊ ತೆಗೆದು, ಕತ್ತರಿಸಿ, ಹಾಡು ಕೂಡಿಸಿ ಕೊಟ್ಟವಳು ಆಕೆ. ಹಣೆಯ ಮೇಲಿನದನ್ನು ನೋಡುವುದು ಕ್ಯಾಮೆರಾದ ಕೆಲಸವಾಗಿತ್ತು, ಅವಳದಲ್ಲ.

“ಗೋಪಿಚಂದನ ಕೆನಿ ಬಣ್ಣದ್ದು ಇರ್ತದವ್ವಾ, ತೆಳು ಹಳದಿ. ಇಲ್ಲಿ ನೋಡಿದ್ರ ಇವ ವಿಭೂತಿ ಹಚ್ಚಿಕೊಂಡು ಕೂತಂಗ ಕಾಣಸಾಕತ್ತಾನ. ವಿಭೂತಿ ಇವನ ಮಾರಿಗೆ ಒಪ್ಪತದ, ಆ ಮಾತು ಬ್ಯಾರೆ. ಆದ್ರ ಮೊನ್ನಿ ಮುಂಜಾನೆ ಇವ ಹಚ್ಚಿಕೊಳ್ಳಾಗ ನಾ ಮುಂದೇ ನಿಂತಿದ್ದೆ.”

ಮೊನ್ನೆ ಮಾನ್ವಿಯಲ್ಲಿ ವಿಬುಧೇಂದ್ರನ ಮಗಳ ಅರಿಶಿನ ಶಾಸ್ತ್ರದ ಗದ್ದಲದ ನಡುವೆ, ಪಡಸಾಲೆಯ ಗೂಡಿನಲ್ಲಿಟ್ಟಿದ್ದ ಬೆಳ್ಳಿ ಡಬ್ಬಿ ಒಳಗಿನ ಮುತ್ತಿನ ನತ್ತಿನ ಸಮೇತ ಮಾಯವಾಗಿತ್ತು. ಆ ನತ್ತು ವೆಂಕೂಬಾಯಿಯ ತಾಯಿಯದು. ಆ ಮನೆಯ ಮದುಮಗಳೆಲ್ಲ ಅದನ್ನಿಟ್ಟುಕೊಂಡೇ ಧಾರೆಗೆ ನಿಂತವರು. ನಾಳೆ ಧಾರೆ.

ನತ್ತಿಗಿಂತ ದೊಡ್ಡ ಚಿಂತೆ ಸ್ಟುಡಿಯೊದ ಬಾಗಿಲಲ್ಲಿ ಕೂತಿತ್ತು. ಯಮನಮ್ಮ ಚಪ್ಪಲಿ ಬಿಟ್ಟು, ಒಳಗೆ ಬಾ ಅಂದರೂ ಬರದೆ, ಮೆಟ್ಟಿಲ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕುಲ್ಸುಮ್ ಇಟ್ಟ ಚಹ ಕೆನೆಗಟ್ಟಿ ಆರಿಹೋಗಿತ್ತು.

ದೇವದುರ್ಗದ ಯಮನಮ್ಮ ಮದುವೆ ಮನೆಗಳಲ್ಲಿ ಪಾತ್ರೆ, ಕಸ, ನೀರಿನ ಕೆಲಸಕ್ಕೆ ಹೋಗುವ ಆರು ಹೆಂಗಸರ ಮುಂದಾಳು. ಆರು ಜನಕ್ಕೂ ಒಂದೇ ನಮೂನೆಯ ಸೀರೆ: ಆಕಾಶನೀಲಿ, ಮೇಲೆ ಬಿಳಿ ಹೂವು. ನಿನ್ನೆ ಸಂಜೆ ಕುಲ್ಸುಮ್ ಅರಿಶಿನದ ವಿಡಿಯೊ ಕಳಿಸಿದಾಗ ವಿಬುಧೇಂದ್ರ ಅದನ್ನು ಹತ್ತು ಸಲ ನೋಡಿದ್ದ. ಹತ್ತನೆಯ ಸಲ ಚೌಕಟ್ಟಿನ ಮೂಲೆಯಲ್ಲಿ ಮೂರೇ ಸೆಕೆಂಡಿನ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಕಂಬದ ಮರೆಯಿಂದ ಬಟ್ಟೆ ಮುಚ್ಚಿದ ಒಂದು ತೋಳು ಗೂಡಿನ ಕಡೆ ಚಾಚಿ, ಡಬ್ಬಿಯನ್ನು ಆ ಬಟ್ಟೆಯಲ್ಲೇ ಮುಚ್ಚಿಕೊಂಡು ಹಿಂದೆ ಸರಿದಿತ್ತು. ಮುಖ ಇಲ್ಲ, ಬೆರಳೂ ಇಲ್ಲ. ಬಟ್ಟೆ ಆಕಾಶನೀಲಿ. ಅದರ ಮೇಲೆ ಒಂದು ಬಿಳಿ ಹೂವು.

ಉಳಿದ ಐದು ಹೆಂಗಸರು ಹಿತ್ತಲಲ್ಲಿದ್ದರು. ಪಡಸಾಲೆಗೆ ಬಂದವಳು ಯಮನಮ್ಮ ಒಬ್ಬಳೇ. ಇವತ್ತು ನಾಲ್ಕು ಗಂಟೆಗೆ ಮಾನ್ವಿ ಠಾಣೆಯಲ್ಲಿ ಅವಳ ಹೆಸರು ಬರೆಸುವುದಾಗಿ ವಿಬುಧೇಂದ್ರ ರಾತ್ರಿಯೇ ಹೇಳಿ ಕಳಿಸಿದ್ದ.

ಮುಂಜಾನೆ ಎದ್ದು ಅವಳು ಓಡಿಬಂದದ್ದು ತನ್ನ ನಾಲ್ಕನೆಯ ಇಯತ್ತೆಯ ಟೀಚರ ಹತ್ತಿರ.

“ಟೀಚರ್ರ,” ಅಂದಿದ್ದಳು, “ಪಾಟಿ ಮ್ಯಾಲೆ ತಪ್ಪು ಬರದ್ರ ನೀವು ಅಳಸಿ ಬರಸ್ತಿದ್ರಿ. ಸ್ಟೇಷನ್‌ನಾಗ ಒಮ್ಮಿ ಹೆಸರು ಬರದ್ರ ಯಾರು ಅಳಸ್ತಾರ್ರಿ?”

ವೆಂಕೂಬಾಯಿ ಕೂತಲ್ಲಿಂದ ಎದ್ದಿದ್ದರು. ಸ್ಟುಡಿಯೊ ಅವರ ಮನೆಯ ಕೆಳಗೇ ಇತ್ತು. ಆರನೆಯ ಮೆಟ್ಟಿಲು ಇಳಿಯುವುದರೊಳಗೆ “ಕುಲ್ಸುಮ್, ಆ ಪೆಟ್ಟಿಗಿ ಹಚ್ಚು” ಅಂತ ಕೂಗಿದ್ದರು.

ಈಗ ಕುಲ್ಸುಮ್ ತುಟಿ ಕಚ್ಚಿಕೊಂಡು ಕೂತಿದ್ದಳು.

“ಖಾಲಾ, ಒಂದು ಮಾತು ಹೇಳ್ತೀನಿ, ಬೈಬ್ಯಾಡ್ರಿ. ನಾ ಇದಕ್ಕ ಆಟೋ ಒತ್ತೀನಿ.”

“ಆಟೋ ಅಂದ್ರ? ಸ್ಟೇಷನ್ ರೋಡಿಗೆ ಹೋಗ್ತದಲ್ಲ ಅದಾ?”

ಕುಲ್ಸುಮ್‌ಗೆ ಆ ದುಃಖದಲ್ಲೂ ನಗು ಬಂತು. “ಅಲ್ರಿ. ಬಣ್ಣ ಸರಿ ಮಾಡೋ ಆಟೋ. ಒಂದು ಗುಂಡಿ ಒತ್ತಿದ್ರ ಕಂಪ್ಯೂಟರ್ ತಾನೇ ಬಣ್ಣ ತೂಗಿ ಸಮ ಮಾಡ್ತದ.”

“ಹೆಂಗ ಮಾಡ್ತದ? ಅದಕ್ಕ ನನ್ನ ತಮ್ಮ ಯಾರು, ಗೋಪಿಚಂದನ ಯಾವುದು ಗೊತ್ತದೇನು?”

“ಒಂದೂ ಗೊತ್ತಿಲ್ಲ, ಅದೇ ಕಷ್ಟ. ಅದು ಚಿತ್ರದಾಗಿನ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ ಕೂಡಿಸಿ ಸರಾಸರಿ ತೆಗೀತದ. ಯಾವ ಚಿತ್ರಾನೇ ಇರಲಿ, ಎಲ್ಲಾ ಬಣ್ಣ ಕಲಸಿದ್ರ ಬೂದಿ ಬಣ್ಣ ಬರಬೇಕು ಅಂತ ಅದರ ನಂಬಿಕಿ. ಬರಲಿಲ್ಲಂದ್ರ ಬೆಳಕಿನದೇ ತಪ್ಪು ಅಂತ ತಿಳೀತದ. ಹೆಚ್ಚಿದ್ದನ್ನ ಇಳಸ್ತದ, ಕಡಿಮಿ ಇದ್ದದ್ದನ್ನ ಏರಸ್ತದ.”

“ಪಂಕ್ತಿಯೊಳಗ ಎಲ್ಲಾರ ಎಲಿಗೂ ಸಮ ಬೀಳಬೇಕು ಅಂತ ಹಟ ಹಿಡಿಯೋ ಬಡಸವರಂಗ.”

“ಹಾಂ, ಥೇಟ್ ಹಂಗ. ಮನಿ ದೀಪದಾಗ ತೆಗೆದ ಚಿತ್ರ ಕೆಂಪಗ ಬಂದಿರ್ತದಲ್ಲ, ಅದಕ್ಕ ಭಾಳ ಛಲೋ ಕೆಲಸ ಮಾಡ್ತದ. ಆದ್ರ ಮೊನ್ನಿ ನಿಮ್ಮ ಮನಿಯಾಗ ಏನಿತ್ತು ಹೇಳ್ರಿ?”

ವೆಂಕೂಬಾಯಿ ಕಣ್ಣು ಮುಚ್ಚಿ ನೆನೆದರು. ಈಗಿನ ಹುಡುಗಿಯರ ಹೊಸ ಪದ್ಧತಿಯಂತೆ ಅವತ್ತು ಎಲ್ಲರೂ ಹಳದಿಯನ್ನೇ ಉಡಬೇಕು ಅಂತ ಮದುಮಗಳು ಹಟ ಮಾಡಿದ್ದಳು. ಗೋಡೆಗೆ ಹಳದಿ ಪರದೆ, ಕಂಬಕ್ಕೆ ಚೆಂಡುಹೂವು, ಮೇಲೆ ಹಳದಿ ಬಲ್ಬಿನ ಮಾಲೆ. ವಿಬುಧೇಂದ್ರ ರೇಷ್ಮೆಯ ಹಳದಿ ಮಗುಟ ಉಟ್ಟಿದ್ದ. ವೆಂಕೂಬಾಯಿ ಕೂಡ ಪೆಟ್ಟಿಗೆಯ ತಳದಿಂದ ಒಂದು ಹಳದಿ ಇಳಕಲ್ ಸೀರೆ ಹುಡುಕಿ ತೆಗೆದಿದ್ದರು.

“ಬರೇ ಹಳದಿ,” ಅಂದರು.

“ಬರೇ ಹಳದಿ. ಅದು ಬಟ್ಟಿ ಹಳದಿ, ಹೂವು ಹಳದಿ ಅಂತ ಆಟೋಕ್ಕ ತಿಳೀಲಿಲ್ಲ. ಬೆಳಕೇ ಕೆಟ್ಟು ಹಳದಿ ಆಗ್ಯದ ಅಂತ ತಿಳಕೊಂಡು ಹಳದಿ ಇಳಿಸೇ ಇಳಿಸ್ತು. ಅದಕ್ಕೇ ತೆಳು ಹಳದಿ ಇದ್ದ ನಿಮ್ಮ ಗೋಪಿಚಂದನ ಬೆಳ್ಳಗಾತು.”

“ಹಳದಿ ಇಳಸಬೇಕಂದ್ರ ಏನು ಏರಸ್ತದ?”

“ನೀಲಿ.”

ವೆಂಕೂಬಾಯಿ ನೆಟ್ಟಗೆ ಕೂತರು. ಬಾಗಿಲಲ್ಲಿ ಯಮನಮ್ಮ ತಲೆ ಎತ್ತಿದಳು.

“ಇನ್ನೊಮ್ಮಿ ಹೇಳು.”

“ನೀಲಿ ಖಾಲಾ. ಇದ್ದಲ್ಲೂ ನೀಲಿ, ಇಲ್ಲದಲ್ಲೂ ನೀಲಿ. ಆ ತೋಳಿನ ಬಟ್ಟಿ ಖರೇನೇ ನೀಲಿ ಇತ್ತೋ ಇಲ್ಲೋ, ದೇವರಿಗೇ ಗೊತ್ತು.” ಅವಳು ದುಪಟ್ಟಾದಿಂದ ಕಣ್ಣು ಒರೆಸಿಕೊಂಡಳು. “ಆಟೋ ಒತ್ತಿದ್ರ ಎಲ್ಲಾರೂ ಬೆಳ್ಳಗ ಕಾಣಸ್ತಾರ, ಗಿರಾಕಿ ಖುಷ್ ಆಗ್ತಾರ. ಕೂತು ಕೈಲೆ ಸರಿ ಮಾಡಾಕ ಅವಸರ ಬಿಡಲಿಲ್ಲ. ನನ್ನ ಗಲ್ತಿಗೆ ಆ ಬಡ ಹೆಣ್ಣುಮಗಳು…”

“ಅಳಬ್ಯಾಡ. ಗುಂಡಿ ಒತ್ತೀದಿ, ಈಗ ಬಿಡಸು.”

ಕುಲ್ಸುಮ್ ಆಟೋ ತೆಗೆದಳು. ಇಡೀ ಚಿತ್ರ ಅರಿಶಿನದ ಹಂಡೆಯಲ್ಲಿ ಅದ್ದಿ ತೆಗೆದಂತಾಯಿತು. ಮದುಮಗಳು, ಗೋಡೆ, ನೆಲ, ಎಲ್ಲ ಹಳದಿ. ತೋಳಿನ ಬಟ್ಟೆಯೂ ಹಳದಿ.

“ಹಂಗಾದ್ರ ಹಳದಿ ಉಟ್ಟ ನಮ್ಮವರೇ ಯಾರೋ?”

“ಇದೂ ಖರೇ ಅಲ್ರಿ. ಹಳದಿ ಬಲ್ಬು ಎಲ್ಲಾದರ ಮ್ಯಾಲೂ ಬಣ್ಣ ಚೆಲ್ಲ್ಯದ. ಅವತ್ತು ಅಲ್ಲಿ ನಿಮಗ ಹಿಂಗ ಕಾಣಿಸಿದ್ದಿಲ್ಲ. ನಮ್ಮ ಕಣ್ಣೂ ಆಟೋನೇ. ಹಳದಿ ಬೆಳಕಿನಾಗ ಹತ್ತು ನಿಮಿಷ ಕೂತ್ರ ಅದೇ ಬಿಳಿ ಅಂತ ಒಪ್ಪಿಬಿಡ್ತದ.”

ಇದನ್ನು ಕೇಳಿ ವೆಂಕೂಬಾಯಿ ನಕ್ಕುಬಿಟ್ಟರು. ಬೆಳಗಿನಿಂದ ಮೊದಲ ಸಲ.

“ಅದು ಖರೇ ನೋಡು. ಹೋದ ತಿಂಗಳು ನಮ್ಮ ಮನಿಯವರ ಬಿಳಿ ಶಲ್ಯ ಹರಿದಿತ್ತು. ಸಂಜಿಮುಂದ ದೇವರ ಮನಿ ಹಳದಿ ಬಲ್ಬಿನ ಕೆಳಗ ಕೂತು, ಬಿಳಿ ದಾರ ಅಂತ ತಿಳಕೊಂಡು ಐದು ಹೊಲಿಗಿ ಹಾಕಿದೆ. ಮುಂಜಾನೆ ಬಿಸಿಲಿಗೆ ಹಿಡದು ನೋಡಿದ್ರ ದಾರ ಹಳದಿ. ಬಿಚ್ಚಿ ಹೊಲೀತೀನಿ ಕೊಡ್ರಿ ಅಂದ್ರ ಕೊಡಲಿಲ್ಲ ಪುಣ್ಯಾತ್ಮ. ಇರಲಿ ಬಿಡು ವೆಂಕೂ, ಇದು ನಿನ್ನ ಸಹಿ ಅಂದ್ರು.”

ಹೇಳುತ್ತ ಅವರ ಮುಖ ಮೆತ್ತಗಾಯಿತು. ಅವರ ಗಂಡ ಅಕ್ಷೋಭ್ಯಾಚಾರ್ ಸಂಸ್ಕೃತದ ಮಾಸ್ತರರಾಗಿದ್ದವರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಹೆಂಡತಿಯ ಅಡುಗೆಗೆ ಉಪ್ಪು ಕಡಿಮೆ ಅಂದದ್ದಿಲ್ಲ, ಎದ್ದು ತಾವೇ ಹಾಕಿಕೊಳ್ಳುವರು. ಇವತ್ತು ಮೊದಲ ಬಸ್ಸಿಗೆ ಚೀಕಲಪರ್ವಿಗೆ ಹೊಳೆಯ ಸ್ನಾನಕ್ಕೆ ಹೋಗಿದ್ದರು. ಅದೇ ಶಲ್ಯವನ್ನು ವೆಂಕೂಬಾಯಿಯೇ ಮಡಿಚಿ ಹೆಗಲಿಗೆ ಹಾಕಿ ಕಳಿಸಿದ್ದರು. ಯಮನಮ್ಮನ ಸುದ್ದಿ ಬಂದದ್ದು ಆಮೇಲೆ.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ಯಮನಮ್ಮ ಮೆಟ್ಟಿಲಿನಿಂದೆದ್ದು ಗೋಡೆಗೆ ಒತ್ತಿಕೊಂಡು ನಿಂತಳು. ವಿಬುಧೇಂದ್ರ ಅವಳ ಕಡೆ ನೋಡದೆ ಒಳಗೆ ಬಂದು, ಕಾರಿನ ಕೀಲಿಯನ್ನು ಟೇಬಲ್ಲಿನ ಮೇಲೆ ಹಾಕಿದ.

“ಅಕ್ಕಾ, ನಾಳಿಗೆ ಧಾರಿ. ಮನಿತುಂಬ ಬೀಗರು. ನೀ ಇಲ್ಲಿ ಸಿನಿಮಾ ನೋಡಾಕತ್ತೀದಿ.”

“ನೀನೂ ನೋಡು ಬಾ. ಕೂಡು.”

“ಕೂಡಾಕ ಟೈಮ್ ಇಲ್ಲ. ಆಕಿ ಒಪ್ಪಿಕೊಂಡ್ಳೋ ಇಲ್ಲೋ ಹೇಳು. ನತ್ತು ಕೊಟ್ರ ನಾ ಠಾಣಿಗೆ ಹೋಗಂಗಿಲ್ಲ.”

“ಇಲ್ಲದ್ದು ಎಲ್ಲಿಂದ ಕೊಡ್ಲಿ ಯಪ್ಪಾ?” ಬಾಗಿಲಿನಿಂದ ಯಮನಮ್ಮನ ದನಿ ಬಂತು.

“ನೀಲಿ ಸೀರಿ, ಬಿಳಿ ಹೂವು. ಕಣ್ಣಿಗೆ ಕಾಣಸಾಕತ್ತದ, ಇನ್ನ ಏನು ಬೇಕು?”

ವೆಂಕೂಬಾಯಿ ಕುರ್ಚಿಯೊಂದನ್ನು ಕಾಲಿನಿಂದ ಅವನ ಕಡೆ ತಳ್ಳಿದರು. ಐವತ್ತಾರು ವರ್ಷದ ತಮ್ಮ, ಬೀಗರ ಮುಂದೆ ದೊಡ್ಡ ಮನುಷ್ಯ, ಅಕ್ಕನ ಕಾಲು ಕುರ್ಚಿ ತಳ್ಳಿದಾಗ ಕೂತೇಬಿಟ್ಟ. ಚಿಕ್ಕಂದಿನಲ್ಲಿ ಇವನಿಗೆ ಮಗ್ಗಿ ಕಲಿಸಿದವರೂ ಅವರೇ.

“ಕುಲ್ಸುಮ್, ಇವಗ ಕಳಿಸಿದ್ಯಲ್ಲ, ಆಟೋದ್ದೇ ಹಚ್ಚು. ವಿಬುಧೂ, ನಿನ್ನ ಹಣಿ ನೋಡಿಕೋ.”

ವಿಬುಧೇಂದ್ರ ನೋಡಿದ. ಬಾಗಿ ನೋಡಿದ. ಕೈ ತಾನಾಗಿಯೇ ಹಣೆಗೆ ಹೋಯಿತು. “ಇದೇನಿದು? ಯಾರು ಹಿಂಗ ಮಾಡಿದ್ರು?”

“ಅದು ಇರಲಿ. ಮದುಮಗಳ ಮಣಿ ಸುತ್ತ ರಂಗೋಲಿ ಹಾಕಿದವ್ರು ಯಾರು?”

“ನೀನೇ. ಐದು ಗಂಟಿಗೆ ಎದ್ದು.”

“ಯಾವ ಬಣ್ಣ?”

“ಬಿಳಿ. ಬಣ್ಣ ತುಂಬಬ್ಯಾಡ್ರಿ, ಬಿಳಿನೇ ಲಕ್ಷಣ ಅಂತ ಎಲ್ಲಾರಿಗೂ ಬೈದಿದ್ದಿ.”

“ಇಲ್ಲಿ ಯಾವ ಬಣ್ಣ ಅದ?”

ಪರದೆಯ ಮೇಲೆ ಮಣೆಯ ಸುತ್ತ ವೆಂಕೂಬಾಯಿಯ ಎಳೆ ಎಳೆ ರಂಗೋಲಿ ತಿಳಿನೀಲಿಯಾಗಿ ಹರಡಿತ್ತು. ನಿನ್ನೆ ಹತ್ತು ಸಲ ನೋಡಿದವನಿಗೆ ಅದು ಕಂಡಿರಲಿಲ್ಲ. ಮೂಲೆಯನ್ನೇ ನೋಡಿದವನು ಕಾಲಬುಡ ನೋಡಿರಲಿಲ್ಲ.

“ಈಗ ಮುಂದ ಬಿಡು ಕುಲ್ಸುಮ್. ಯಮನಮ್ಮ ಬರೋ ತನಕ.”

ಕ್ಲಿಪ್ ಓಡಿತು. ಯಮನಮ್ಮ ನೀರಿನ ಕೊಡ ಹಿಡಿದು ಪಡಸಾಲೆ ದಾಟುತ್ತಿದ್ದಳು. ಅವಳ ಸೀರೆ ಆಕಾಶನೀಲಿ ಇರಲೇ ಇಲ್ಲ. ಶಾಯಿ ಚೆಲ್ಲಿದಂಥ ಕಡುನೀಲಿ.

“ನೋಡಪಾ. ಆಕಿ ಸೀರಿ ಮೊದಲೇ ನೀಲಿ. ಅದರ ಮ್ಯಾಲೆ ಆಟೋ ಇನ್ನಷ್ಟು ನೀಲಿ ಬಳಿದದ, ಕಡುಗಾತು. ಆ ತೋಳಿನ ಬಟ್ಟಿ ಮಾತ್ರ ರಂಗೋಲಿಯಂಗ ತಿಳಿನೀಲಿ ಅದ. ಒಂದೇ ಪಡಸಾಲಿ, ಒಂದೇ ಬೆಳಕು. ಒಂದೇ ಸೀರಿ ಆಗಿದ್ರ ಎರಡು ನೀಲಿ ಹೆಂಗ ಬಂದ್ವು?”

ವಿಬುಧೇಂದ್ರ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

“ಖಾಲಾ,” ಕುಲ್ಸುಮ್‌ಳ ಕಣ್ಣು ಮಿಂಚಿತು. “ರಂಗೋಲಿ ಬಿಳಿ ಅಂತ ಖಾತ್ರಿ ಅದ ಅಲ್ರಿ? ಏನೂ ಕಲಸಿಲ್ಲಲ್ಲ?”

“ನನ್ನ ಕೈಯಾರೆ ಜರಡಿ ಹಿಡದೀನಿ.”

“ಹಂಗಾದ್ರ ಆಟೋ ಬ್ಯಾಡ. ಬಿಳಿ ಯಾವುದು ಅಂತ ನಾವೇ ಕಂಪ್ಯೂಟರ್‌ಗೆ ತೋರಸೋಣ.” ಅವಳು ಪರದೆಯ ಬದಿಯಿಂದ ಪುಟ್ಟ ಪಿಚಕಾರಿಯಂಥ ಗುರುತೊಂದನ್ನು ಎತ್ತಿಕೊಂಡಳು. “ಇದನ್ನ ಎಲ್ಲಿ ಒತ್ತತೀವಿ ಅದೇ ಖರೇ ಬಿಳಿ ಅಂತ ಅದು ಒಪ್ಪಿಕೊಂತದ. ಉಳಿದ ಬಣ್ಣ ಎಲ್ಲಾ ಅದರ ಲೆಕ್ಕಕ್ಕ ಬರ್ತಾವ.”

“ಒತ್ತು.”

ಒತ್ತು ಅಂದ ಮೇಲೆ ವೆಂಕೂಬಾಯಿ ಲೆಕ್ಕ ಹಾಕಿದರು. ರಂಗೋಲಿಯಂತೆ ತಿಳಿನೀಲಿ ಅಂದರೆ, ಬಟ್ಟೆ ರಂಗೋಲಿಯಂತೆ ಬಿಳಿ. ಅವತ್ತು ಆ ಮನೆಯಲ್ಲಿ ಬಿಳಿ ಉಟ್ಟವರು ಯಾರು? ಅಡುಗೆಯವರು. ಮತ್ತೆ, ಹಳದಿ ಉಡಿರಿ ಅಂತ ಎಲ್ಲರೂ ಬೇಡಿಕೊಂಡರೂ ಕೇಳದ ಇನ್ನೊಬ್ಬರು.

ಕುಲ್ಸುಮ್ ರಂಗೋಲಿಯ ಎಳೆಯೊಂದರ ಮೇಲೆ ಒತ್ತಿದಳು.

ಚಿತ್ರ ಒಮ್ಮೆ ಮಿಟುಕಿ ತಿಳಿಯಾಯಿತು. ಎಂಥ ಸಮಾಧಾನ ಅದು. ಮದುಮಗಳ ಗೋದಿ ಬಣ್ಣದ ಕೆನ್ನೆ ಮರಳಿ ಬಂತು. ಚೆಂಡುಹೂವು ಚೆಂಡುಹೂವಿನ ಬಣ್ಣಕ್ಕೆ ಬಂತು. ವಿಬುಧೇಂದ್ರನ ಹಣೆಯ ಮೇಲೆ ಗೋಪಿಚಂದನ ಕೆನೆಯ ಬಣ್ಣದಲ್ಲಿ ಕೂತಿತು. ಕೊಡ ಹಿಡಿದ ಯಮನಮ್ಮನ ಸೀರೆ ಅವಳು ಈಗ ಉಟ್ಟುಕೊಂಡೇ ನಿಂತಿದ್ದ ಸೀರೆಯ ಹಾಗೆ ಆಕಾಶನೀಲಿಯಾಯಿತು.

ಕುಲ್ಸುಮ್ ಕ್ಲಿಪ್ಪನ್ನು ಆ ಮೂರು ಸೆಕೆಂಡಿಗೆ ಹಿಂದಕ್ಕೆ ತಂದು ನಿಲ್ಲಿಸಿದಳು. ಗೂಡಿನ ಕಡೆ ಚಾಚಿದ ತೋಳಿನ ಬಟ್ಟೆ ಬಿಳಿ.

“ಟೀಚರ್ರ,” ಯಮನಮ್ಮ ಹೊಸ್ತಿಲೊಳಗೆ ಒಂದು ಹೆಜ್ಜೆ ಇಟ್ಟಳು. “ನಾ ಅಲ್ಲಲ್ರಿ?”

“ನೀ ಅಲ್ಲವ್ವಾ. ನೀ ಅಲ್ಲ ಅಂತ ನನಗ ಮೊದಲೇ ಗೊತ್ತಿತ್ತು. ಈಗ ಕಂಪ್ಯೂಟರ್‌ಗೂ ಗೊತ್ತಾತು.”

ಯಮನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕುಲ್ಸುಮ್ ಎದ್ದು ಹೋಗಿ ಅವಳ ಹೆಗಲು ಹಿಡಿದು, “ಮಾಫ್ ಮಾಡು ಅಕ್ಕಾ” ಅಂದಳು. ಯಮನಮ್ಮ ಮುಚ್ಚಿದ ಮುಖದಲ್ಲೇ ತಲೆಯಾಡಿಸಿದಳು.

ವಿಬುಧೇಂದ್ರ ಕೈ ಕೈ ಉಜ್ಜಿದ. ಅವನಿಗೆ ನಾಚಿಕೆಯಾಗಿತ್ತೋ ಇಲ್ಲವೋ, ಅವಸರವಂತೂ ಹೋಗಿರಲಿಲ್ಲ. “ಆತು ಬಿಡು, ತಪ್ಪಾತು. ಹಂಗಾದ್ರ ಕವಿತಾಳದಿಂದ ಬಂದಿದ್ರಲ್ಲ ಅಡಿಗಿಯವ್ರು, ಬಿಳಿ ಪಂಜಿ ಅವರದೇ. ಅವರ ಹೆಸರು ಬರಸ್ತೀನಿ. ನಾಕು ಗಂಟಿ ಅಂದ್ರ ನಾಕು ಗಂಟಿ.”

“ಅವ್ರೂ ಅಲ್ಲ ಯಪ್ಪಾ,” ಯಮನಮ್ಮ ಸೆರಗು ಇಳಿಸಿದಳು. “ಹೋಳಿಗಿ ಬೇಯಿಸಾಕತ್ತಿದ್ರು. ಒಲಿ ಬಿಟ್ಟು ಒಬ್ರೂ ಎದ್ದಿಲ್ಲ. ನಾನೇ ಅವರಿಗೆ ನೀರು ಕೊಟ್ಟು ಬಂದೀನಿ.”

ಗಳಿಗೆಯ ಹಿಂದೆ ಬಿಡುಗಡೆಯಾದವಳು, ಆಗಲೇ ಇನ್ನೊಬ್ಬರ ಸಲುವಾಗಿ ನಿಂತಿದ್ದಳು. ವೆಂಕೂಬಾಯಿಗೆ ತಾವು ಕಲಿಸಿದ ಹುಡುಗಿಯ ಮೇಲೆ ಪ್ರೀತಿ ಉಕ್ಕಿತು. ಅದರ ಹಿಂದೆಯೇ ಹೆದರಿಕೆ ಬಂತು.

“ಕುಲ್ಸುಮ್,” ಅಂದರು ಮೆಲ್ಲಗೆ. “ಆ ಬಿಳಿ ಹೂವು ಇತ್ತಲ್ಲ. ಅದನ್ನ ದೊಡ್ಡದು ಮಾಡು.”

ಬಟ್ಟೆ ಬಿಳಿಯಾದ ಮೇಲೆ ಬಿಳಿ ಹೂವು ಹೇಗೆ ಉಳಿದೀತು? ಕುಲ್ಸುಮ್ ಚಿತ್ರವನ್ನು ಹಿಗ್ಗಿಸಿದಳು. ಹೂವು ಎಲ್ಲೂ ಇರಲಿಲ್ಲ. ಅದಿದ್ದ ಜಾಗದಲ್ಲಿ ಹಳದಿ ದಾರದ ಐದು ಹೊಲಿಗೆ ಇತ್ತು. ನಾಲ್ಕು ನೆಟ್ಟಗೆ, ಐದನೆಯದು ಸೊಟ್ಟ.

ಕುಲ್ಸುಮ್ ಮೌಸಿನಿಂದ ಕೈ ತೆಗೆದಳು. ಅರ್ಧ ತಾಸಿನ ಹಿಂದೆ ಕೇಳಿದ ಕಥೆ ಅವಳಿಗೆ ಮರೆತಿರಲಿಲ್ಲ. ಅವಳು ತಿರುಗದೆ, ವಿಬುಧೇಂದ್ರನಿಗೆ ಕೇಳದಷ್ಟು ಸಣ್ಣಗೆ ಅಂದಳು: “ಖಾಲಾ, ಕಂಪ್ಯೂಟರ್ ಭಾಳ ಕಾದದ. ಬಂದ್ ಮಾಡ್ಲೇನು?”

ಆ ಹುಡುಗಿಯ ಮನಸ್ಸು ವೆಂಕೂಬಾಯಿಗೆ ಗೊತ್ತಾಯಿತು. ಒಂದು ಗುಂಡಿ ಒತ್ತಿದರೆ ಸಾಕು. ಯಮನಮ್ಮನ ಹೆಸರು ಉಳಿದಿತ್ತು. ಅಡುಗೆಯವರ ಮಾತು ಅಡುಗೆಯವರಿಗೆ. ಮೂವತ್ತೆಂಟು ವರ್ಷ ಉಪ್ಪು ಕಡಿಮೆ ಅನ್ನದ ಮನುಷ್ಯ ಮನೆಗೆ ಬಂದಮೇಲೆ ಬಾಗಿಲು ಹಾಕಿಕೊಂಡು ಕೇಳಿದರಾಯಿತು.

ಹೌದು, ಆ ಗುಂಡಿ ಒತ್ತಿಸಬೇಕೆಂದು ಅವರಿಗೆ ನಿಜಕ್ಕೂ ಅನಿಸಿತ್ತು. ಸುಳ್ಳು ಯಾಕೆ ಹೇಳಬೇಕು?

ಯಮನಮ್ಮ ಅವರನ್ನೇ ನೋಡುತ್ತಿದ್ದಳು. ನಾಲ್ಕನೆಯ ಇಯತ್ತೆಯಲ್ಲಿ ಉತ್ತರ ಸರಿಯೋ ತಪ್ಪೋ ಅಂತ ಪಾಟಿ ಹಿಡಿದು ನಿಂತಾಗ ನೋಡುತ್ತಿದ್ದ ಅದೇ ನೋಟ.

“ಬ್ಯಾಡ,” ಅಂದರು ವೆಂಕೂಬಾಯಿ. “ಇರಲಿ. ವಿಬುಧೂ, ಅಡಿಗಿಯವ್ರ ಹೆಸರು ಎತ್ತಬ್ಯಾಡ. ಈ ಬಟ್ಟಿ ನಮ್ಮ ಮನೀದು. ಈ ಹೊಲಿಗಿ ನಂದು.”

“ಭಾವನವ್ರಾ?” ವಿಬುಧೇಂದ್ರ ಕುರ್ಚಿಯಿಂದ ಅರ್ಧ ಎದ್ದ. “ಏನು ಮಾತಾಡಾಕತ್ತೀ ಅಕ್ಕಾ?”

ವೆಂಕೂಬಾಯಿ ಆಗಲೇ ಫೋನು ತೆಗೆದಿದ್ದರು. ಗಂಡನ ನಂಬರು ಎರಡು ಸಲ ತಪ್ಪು ಒತ್ತಿ, ಮೂರನೆಯ ಸಲ ಹತ್ತಿತು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿ ಟೇಬಲ್ಲಿನ ಮೇಲೆ ಇಟ್ಟರು.

“ವೆಂಕೂ, ಊಟ ಆತೇನು?” ಯಾವತ್ತಿನ ಮೊದಲ ಮಾತು ಅದು.

“ಎಲ್ಲಿದ್ದೀರಿ?”

“ಇಲ್ಲೇ. ಸ್ನಾನ ಆತು, ಹೊಳಿ ದಂಡಿಗೆ…”

ಅವರ ಮಾತಿನ ಮೇಲೆಯೇ ಮೈಕಿನ ದನಿ ಬಂತು. ದೇವದುರ್ಗ ಬಸ್ ನಿಲ್ದಾಣದ ಪ್ರಯಾಣಿಕರು ತಮ್ಮ ಸಾಮಾನುಗಳನ್ನು ತಾವೇ ನೋಡಿಕೊಳ್ಳಬೇಕಂತೆ.

“ನಮ್ಮೂರು,” ಅಂದಳು ಯಮನಮ್ಮ ಉಸಿರಿನಲ್ಲೇ. ಚೀಕಲಪರ್ವಿಗೂ ದೇವದುರ್ಗಕ್ಕೂ ದಾರಿಯೇ ಬೇರೆ.

“ಶಲ್ಯದ ಹೊಲಿಗಿ ಕಂಡದರೀ,” ಅಂದರು ವೆಂಕೂಬಾಯಿ.

ಆ ಕಡೆಯಿಂದ ಸಣ್ಣದೊಂದು ನಗು ಬಂತು. “ಹಳದಿ ದಾರ?”

“ಹಳದಿ ದಾರ.”

“ಬಿಚ್ಚಿ ಹೊಲೀತೀನಿ ಅಂದಿದ್ದಿ. ನಾನೇ ಕೊಡಲಿಲ್ಲ.” ನಗು ನಿಂತಿತು. “ಸಿಟ್ಟಾಗಬ್ಯಾಡ ವೆಂಕೂ. ಡಬ್ಬಿ ನನ್ನ ಹತ್ರ ಅದ. ನತ್ತೂ ಅದ. ಆದ್ರ ಇದು ನಿಮ್ಮ ಅವ್ವನ ನತ್ತಲ್ಲ. ಅದರಂಗೇ ಮಾಡಿಸಿ, ಖರೇದರ ಜಾಗಾದಾಗ ಇಟ್ಟದ್ದು. ಹಿಂದಿನ ದಿನ ಪೂಜಾದಾಗ ಕೈಯಾಗ ಹಿಡದಾಗೇ ಸಂಶಯ ಬಂತು. ನಿನಗ ಹೇಳಿದ್ರ ತಡಕೊಳ್ಳಾಕ ಆಗಂಗಿಲ್ಲ ಅಂತ ಮುಚ್ಚಿಟ್ಟು ನಾನೇ ಹುಡುಕಿಕೊಂಡು ಬಂದೆ. ಮಾಡಿಕೊಟ್ಟ ಪತ್ತಾರನ ಅಂಗಡಿ ಇಲ್ಲೇ ಸ್ಟ್ಯಾಂಡಿನ ಎದುರಿಗೆ ಅದ. ಯಾರು ಮಾಡಿಸಿದ್ರು ಅಂತ ಈಗಷ್ಟೇ ಹೆಸರು ಹೇಳ್ಯಾನ.”

“ಯಾರ್ರಿ?”

“ನೀ ಒಬ್ಬಾಕೇ ಇದ್ದೀಯಲ್ಲ? ವಿಬುಧೇಂದ್ರ ಅಲ್ಲಿ ಇಲ್ಲಲ್ಲ?”

ವೆಂಕೂಬಾಯಿ ತಮ್ಮನ ಕಡೆ ತಿರುಗಿದರು. ಅವನು ಅವರ ಕಡೆ ನೋಡಲಿಲ್ಲ. ಟೇಬಲ್ಲಿನ ಮೇಲಿನ ಕಾರಿನ ಕೀಲಿ ಎತ್ತಿಕೊಂಡು ಬಾಗಿಲ ಕಡೆ ನಡೆದ.

ಬಾಗಿಲಲ್ಲಿ ಯಮನಮ್ಮ ನಿಂತಿದ್ದಳು. ಚೌಕಟ್ಟಿನ ಎರಡೂ ಬದಿಗೆ ಎರಡು ಕೈ ಕೊಟ್ಟು ನಿಂತಿದ್ದಳು.

“ಆ ಕಡೆ ಸರಿ ಬೇ,” ಅಂದ ವಿಬುಧೇಂದ್ರ.

“ಕೂಡ್ರಿ ಯಪ್ಪಾ,” ಅಂದಳು ಯಮನಮ್ಮ. “ನಾಕು ಗಂಟಿಗೆ ಇನ್ನೂ ಭಾಳ ಹೊತ್ತದ.”